ಧರ್ಮದ ಪಾಠ ಯಾರು ತೀರ್ಮಾನಿಸ್ತಾರೆ? ಇಂಗ್ಲೆಂಡಿನ ‘ಸ್ಯಾಕ್ರಿ’ ಕಥೆ

ಈ ವಾರದ ಸಂಚಿಕೆಯ ಪೂರ್ತಿ ಬರಹ ರೂಪ ಇಲ್ಲಿದೆ. ಓದೋಕೆ ಸುಲಭ ಆಗಲಿ ಅಂತ ಅಲ್ಲಲ್ಲಿ ಉಪಶೀರ್ಷಿಕೆ ಕೊಟ್ಟಿದ್ದೇವೆ.



ಶಾಲೆಯಲ್ಲಿ ಮಕ್ಕಳಿಗೆ ಧರ್ಮದ ಬಗ್ಗೆ ಹೇಳಿಕೊಡಬೇಕಾ, ಬೇಡವಾ? ಈ ಮಾತು ಎದ್ದರೆ ಸಾಕು, ನಮ್ಮ ಟಿವಿ ಸ್ಟುಡಿಯೋಗಳು ಕಾವೇರುತ್ತವೆ. ಯಾವ ಗ್ರಂಥ ಇರಬೇಕು, ಯಾವ ಪಾಠ ತೆಗೀಬೇಕು ಅಂತ ಎರಡು ದಿನ ಜಗಳ ಆಗುತ್ತೆ, ಮೂರನೇ ದಿನ ಬೇರೆ ವಿಷಯ ಬರುತ್ತೆ. ಆದರೆ ಆ ಜಗಳದಲ್ಲಿ ಒಂದು ಪ್ರಶ್ನೆ ಯಾವಾಗಲೂ ತಪ್ಪಿಸಿಕೊಂಡು ಹೋಗುತ್ತೆ. ಇದನ್ನೆಲ್ಲ ತೀರ್ಮಾನ ಮಾಡೋರು ಯಾರು? ಯಾವ ಕೋಣೆಯಲ್ಲಿ ಕೂತು ಮಾಡ್ತಾರೆ? ಆ ಕೋಣೆ ಒಳಗೆ ಯಾರಿಗೆ ಪ್ರವೇಶ ಇದೆ, ಯಾರಿಗೆ ಇಲ್ಲ?

ಈ ಪ್ರಶ್ನೆಯನ್ನ ಕಾನೂನಿನಲ್ಲೇ ಬರೆದು ಉತ್ತರಿಸೋಕೆ ಹೊರಟ ಒಂದು ದೇಶ ಇದೆ, ಇಂಗ್ಲೆಂಡ್. ಅಲ್ಲಿನ ಉತ್ತರದಲ್ಲಿ ಒಳ್ಳೆಯದೂ ಇದೆ, ಹುಳುಕೂ ಇದೆ. ಈಗಂತೂ ಆ ವ್ಯವಸ್ಥೆಯ ಭವಿಷ್ಯವೇ ಚರ್ಚೆಗೆ ಬಂದಿದೆ. ಇವತ್ತು ಅದರ ಕಥೆ.

ಗಣಿತ ಲಂಡನ್ನಿಂದ, ಧರ್ಮ ಊರಿಂದ

ಮೊದಲು ಒಂದು ವಿಚಿತ್ರ ಸಂಗತಿ. ಇಂಗ್ಲೆಂಡಿನಲ್ಲಿ ರಾಷ್ಟ್ರೀಯ ಪಠ್ಯಕ್ರಮ ಇದೆ. ಗಣಿತ, ವಿಜ್ಞಾನ, ಇತಿಹಾಸದಲ್ಲಿ ಮಕ್ಕಳು ಏನು ಕಲೀಬೇಕು ಅನ್ನೋದನ್ನ ಕೇಂದ್ರ ಸರ್ಕಾರ ಹೇಳುತ್ತೆ. ಧಾರ್ಮಿಕ ಶಿಕ್ಷಣ, ಅಲ್ಲಿನವರು ಚಿಕ್ಕದಾಗಿ ‘ಆರ್‌ಇ’ ಅಂತಾರೆ, ಅದು ಕಡ್ಡಾಯ. ಆದರೆ ರಾಷ್ಟ್ರೀಯ ಪಠ್ಯಕ್ರಮದ ಒಳಗೆ ಇಲ್ಲ. ಅದರ ಪಠ್ಯಕ್ರಮ ತಯಾರಾಗೋದು ಊರ ಮಟ್ಟದಲ್ಲಿ, ಅಂದ್ರೆ ಆಯಾ ಸ್ಥಳೀಯ ಕೌನ್ಸಿಲ್ ವ್ಯಾಪ್ತಿಯಲ್ಲಿ.

ಇಂಗ್ಲೆಂಡಿನಲ್ಲಿ ಇಂಥ ಸ್ಥಳೀಯ ಆಡಳಿತಗಳು ಸುಮಾರು 150 ಇವೆ. ಪ್ರತಿಯೊಂದೂ ಒಂದು ಸಮಿತಿ ಇಟ್ಟುಕೊಳ್ಳಲೇಬೇಕು. ಅದರ ಪೂರ್ತಿ ಹೆಸರು ಸ್ಟ್ಯಾಂಡಿಂಗ್ ಅಡ್ವೈಸರಿ ಕೌನ್ಸಿಲ್ ಆನ್ ರಿಲಿಜಿಯಸ್ ಎಜುಕೇಶನ್. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಧಾರ್ಮಿಕ ಶಿಕ್ಷಣದ ಸ್ಥಾಯಿ ಸಲಹಾ ಮಂಡಳಿ. ಅಷ್ಟುದ್ದ ಹೇಳೋಕೆ ಅಲ್ಲಿನವರಿಗೂ ಪುರುಸೊತ್ತಿಲ್ಲ, ‘ಸ್ಯಾಕ್ರಿ’ ಅಂತಾರೆ. ನಾವೂ ಹಾಗೇ ಕರೆಯೋಣ.

ಇಲ್ಲೇ ಒಂದು ಮಾತು ಸ್ಪಷ್ಟ ಮಾಡಿಕೊಳ್ಳೋಣ. ಈ ಪಾಠ ‘ನೀನು ಇದನ್ನ ನಂಬು’ ಅಂತ ಹೇಳೋದಲ್ಲ. ‘ಜನ ಹೀಗೆಲ್ಲ ನಂಬ್ತಾರೆ, ಹೀಗೆ ಬದುಕ್ತಾರೆ, ಯಾಕೆ ಅಂತ ಯೋಚನೆ ಮಾಡು’ ಅನ್ನೋದು. ಕನಿಷ್ಠ ಇವತ್ತಿನ ಗುರಿ ಅದು. ಆದರೂ ಯಾರಿಗಾದರೂ ಮಗುವನ್ನ ಆ ತರಗತಿಗೆ ಕಳಿಸೋಕೆ ಮನಸ್ಸಿಲ್ಲ ಅಂದ್ರೆ, ಹೊರಗಿಡೋ ಹಕ್ಕು ಇಂಗ್ಲೆಂಡಿನ ತಂದೆತಾಯಿಗೆ ಇದೆ. ಈ ಹಕ್ಕಿನ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ನಾಲ್ಕು ಗುಂಪು, ನಾಲ್ಕೇ ವೋಟು

ಸ್ಯಾಕ್ರಿಯಲ್ಲಿ ನಾಲ್ಕು ಗುಂಪು ಇರುತ್ತೆ.

‘ಎ’ ಗುಂಪಿನಲ್ಲಿ ಆ ಪ್ರದೇಶದ ಬೇರೆ ಬೇರೆ ಕ್ರೈಸ್ತ ಪಂಥಗಳವರು ಮತ್ತು ಇತರ ಧರ್ಮದವರು. ಕ್ಯಾಥೊಲಿಕ್, ಮೆಥಡಿಸ್ಟ್, ಮುಸ್ಲಿಂ, ಹಿಂದೂ, ಸಿಖ್, ಯಹೂದಿ, ಬೌದ್ಧ, ಹೀಗೆ. ‘ಬಿ’ ಗುಂಪು ಪೂರ್ತಿ ಚರ್ಚ್ ಆಫ್ ಇಂಗ್ಲೆಂಡ್‌ಗೆ, ಯಾಕಂದ್ರೆ ಅದು ಇಂಗ್ಲೆಂಡಿನ ಅಧಿಕೃತ ಚರ್ಚು. ‘ಸಿ’ ಗುಂಪು ಶಿಕ್ಷಕರ ಸಂಘಗಳದ್ದು. ‘ಡಿ’ ಗುಂಪು ಕೌನ್ಸಿಲ್‌ನದ್ದು, ಇಲ್ಲಿ ಸಾಮಾನ್ಯವಾಗಿ ಚುನಾಯಿತ ಸದಸ್ಯರು ಕೂರ್ತಾರೆ.

ಈಗ ಕುತೂಹಲದ ವಿಷಯ ಬರುತ್ತೆ. ಇಲ್ಲಿ ತಲೆ ಎಣಿಸಿ ವೋಟು ಹಾಕೋದಿಲ್ಲ. ಒಂದು ಗುಂಪಿಗೆ ಒಂದೇ ವೋಟು. ‘ಎ’ ಗುಂಪಿನಲ್ಲಿ ಹದಿನೈದು ಜನ ಇರಲಿ, ‘ಸಿ’ ಗುಂಪಿನಲ್ಲಿ ಮೂರೇ ಜನ ಇರಲಿ, ಎರಡರ ತೂಕವೂ ಒಂದೇ. ಅಂದ್ರೆ ‘ನಮ್ಮವರು ಜಾಸ್ತಿ ಇದ್ದಾರೆ, ಕೈ ಎತ್ತಿಸಿ ಮುಗಿಸೋಣ’ ಅನ್ನೋ ಆಟ ನಡೆಯೋದಿಲ್ಲ.

ಪಠ್ಯಕ್ರಮದ ವಿಷಯ ಬಂದಾಗ ನಿಯಮ ಇನ್ನೂ ಬಿಗಿ. ಅದಕ್ಕೆ ಇದೇ ನಾಲ್ಕು ಬಗೆಯ ಪ್ರತಿನಿಧಿಗಳ ಪ್ರತ್ಯೇಕ ಸಭೆ ಕರೀಬೇಕು. ಅಲ್ಲಿ ನಾಲ್ಕೂ ಗುಂಪುಗಳು ಒಪ್ಪಬೇಕು. ಒಂದು ಗುಂಪು ‘ಇಲ್ಲ’ ಅಂದ್ರೂ ಪಠ್ಯಕ್ರಮ ಹೊರಗೆ ಬರೋದಿಲ್ಲ. ಅದಕ್ಕೇ ಅದರ ಹೆಸರು ‘ಅಗ್ರೀಡ್ ಸಿಲಬಸ್’, ಅಂದ್ರೆ ಒಪ್ಪಿತ ಪಠ್ಯಕ್ರಮ. ಐದು ವರ್ಷಕ್ಕೊಮ್ಮೆ ಅದನ್ನ ಮತ್ತೆ ಬಿಚ್ಚಿ ನೋಡಲೇಬೇಕು. ಒಮ್ಮತ ಆಗಲೇ ಇಲ್ಲ ಅಂದ್ರೆ ಮಾತ್ರ ಶಿಕ್ಷಣ ಮಂತ್ರಿ ಕೈಗೆ ವಿಷಯ ಹೋಗುತ್ತೆ. ಕೌನ್ಸಿಲ್‌ಗೆ ಮನಸ್ಸಿಲ್ಲದಿದ್ದರೂ, ಉಳಿದ ಮೂರು ಗುಂಪುಗಳು ಬಹುಮತದಿಂದ ‘ಪಠ್ಯಕ್ರಮ ಮರುಪರಿಶೀಲನೆ ಆಗಲಿ’ ಅಂತ ಒತ್ತಾಯಿಸಬಹುದು. ಆಗ ಕೌನ್ಸಿಲ್ ಸಭೆ ಕರೆಯಲೇಬೇಕು.

ಇನ್ನೊಂದು ಒಳ್ಳೆ ನಿಯಮ ಏನಂದ್ರೆ, ಈ ಸಭೆಗಳು ಸಾರ್ವಜನಿಕ. ಯಾರು ಬೇಕಾದರೂ ಹೋಗಿ ಕೂತು ಕೇಳಬಹುದು. ನಡಾವಳಿ ಓದಬಹುದು.

ಹೊರಗಿಂದ ನೋಡಿದ್ರೆ ಇದು ಕೌನ್ಸಿಲ್ ಕಟ್ಟಡದ ಯಾವುದೋ ಕೋಣೆಯಲ್ಲಿ ಸಂಜೆ ಹೊತ್ತು ನಡೆಯೋ ಬೇಸರದ ಮೀಟಿಂಗ್. ಆದರೆ ಸ್ವಲ್ಪ ಯೋಚಿಸಿ. ಒಬ್ಬ ಪಾದ್ರಿ, ಒಬ್ಬ ಮಸೀದಿ ಸಮಿತಿಯವರು, ಒಬ್ಬ ಗುರುದ್ವಾರದವರು, ಒಬ್ಬ ಟೀಚರು, ಒಬ್ಬ ಕೌನ್ಸಿಲರ್. ಇವರೆಲ್ಲ ಹಬ್ಬದ ದಿನ ಕೈ ಕುಲುಕಿ ಫೋಟೋ ತೆಗೆಸಿಕೊಂಡು ಹೋಗೋಕೆ ಬಂದವರಲ್ಲ. ಒಂದು ಹಾಳೆಯ ಮೇಲೆ ಒಪ್ಪಿಗೆ ಆಗೋ ತನಕ ಮತ್ತೆ ಮತ್ತೆ ಸೇರಲೇಬೇಕಾದವರು. ಈ ಎರಡರ ನಡುವೆ ಬಹಳ ವ್ಯತ್ಯಾಸ ಇದೆ.

ಜಗಳ ತಪ್ಪಿಸೋಕೆ ಹುಟ್ಟಿದ ವ್ಯವಸ್ಥೆ

ಈ ಏರ್ಪಾಟು ಯಾರೋ ಉದಾರಿಗಳು ಕೂತು ಕನಸು ಕಂಡು ಮಾಡಿದ್ದಲ್ಲ. ಕ್ರೈಸ್ತರ ಒಳಜಗಳದಿಂದ ಹುಟ್ಟಿದ್ದು.

1870ರಲ್ಲಿ ಸಾರ್ವಜನಿಕ ಹಣದ ಶಾಲೆಗಳು ಶುರುವಾದಾಗ, ಯಾವ ಚರ್ಚಿನ ಬೋಧನೆ ನಡೀಬೇಕು ಅಂತ ದೊಡ್ಡ ರಂಪ ಆಯ್ತು. ಆಗ ಮಾಡಿದ ರಾಜಿ ಏನಂದ್ರೆ, ಆ ಶಾಲೆಗಳಲ್ಲಿ ಯಾವ ಒಂದು ಪಂಥಕ್ಕೆ ಮಾತ್ರ ಸೇರಿದ ಬೋಧನೆಯೂ ಬೇಡ. 1944ರ ಶಿಕ್ಷಣ ಕಾಯ್ದೆ ಧರ್ಮದ ಪಾಠವನ್ನ, ದಿನದ ಸಾಮೂಹಿಕ ಪ್ರಾರ್ಥನೆಯನ್ನ ಕಡ್ಡಾಯ ಮಾಡಿತು. ಅದರ ಜೊತೆಗೇ, ಪಠ್ಯಕ್ರಮವನ್ನ ಊರಿನ ಎಲ್ಲ ಪಕ್ಷಗಳೂ ಕೂತು ಒಪ್ಪಬೇಕು ಅಂತಲೂ ಹೇಳಿತು. ಆಗ ‘ಎಲ್ಲ ಪಕ್ಷ’ ಅಂದ್ರೆ ಬಹುತೇಕ ಬೇರೆ ಬೇರೆ ಚರ್ಚುಗಳು, ಅಷ್ಟೇ.

ಆಮೇಲೆ ಊರುಗಳು ಬದಲಾದವು. ಭಾರತ, ಪಾಕಿಸ್ತಾನ, ಕೆರಿಬಿಯನ್, ಪೂರ್ವ ಆಫ್ರಿಕಾದಿಂದ ಜನ ಬಂದರು. ಕ್ಲಾಸಿನಲ್ಲಿ ಪೇಟ ಕಟ್ಟಿದ ಹುಡುಗ, ರಂಜಾನ್ ಉಪವಾಸ ಮಾಡೋ ಹುಡುಗಿ ಕೂರೋಕೆ ಶುರು ಮಾಡಿದರು. ಕಾನೂನು ಇನ್ನೂ ಬದಲಾಗಿರಲಿಲ್ಲ. ಆದರೆ ಪಠ್ಯಕ್ರಮ ಊರಿನ ಕೈಯಲ್ಲಿತ್ತಲ್ಲ, ಹಾಗಾಗಿ ಊರು ಮುಂದೆ ಹೋಯ್ತು. ಬರ್ಮಿಂಗ್‌ಹ್ಯಾಮ್ ನಗರ 1975ರಲ್ಲಿ ಹಲವು ಧರ್ಮಗಳನ್ನ ಒಳಗೊಂಡ ಪಠ್ಯಕ್ರಮ ತಂತು. ಧರ್ಮ ಅಲ್ಲದ ಜೀವನದೃಷ್ಟಿಗಳನ್ನೂ ಸೇರಿಸಿತು. ಅದರಲ್ಲಿ ಕಮ್ಯುನಿಸಂ ಇದ್ದದ್ದಕ್ಕೆ ಭಾರೀ ಗಲಾಟೆಯಾಯ್ತು. ಆದರೂ ದೇಶದ ಬೇರೆ ಊರುಗಳಿಗೆ ಅದೊಂದು ದಾರಿ ತೋರಿಸಿತು.

ಅಲ್ಲಿಂದ 13 ವರ್ಷಕ್ಕೆ, 1988ರ ಶಿಕ್ಷಣ ಸುಧಾರಣಾ ಕಾಯ್ದೆ ಬಂತು. ದೇಶದ ಧಾರ್ಮಿಕ ಪರಂಪರೆ ಮುಖ್ಯವಾಗಿ ಕ್ರೈಸ್ತ ಅನ್ನೋದನ್ನ ಪಠ್ಯಕ್ರಮ ಪ್ರತಿಬಿಂಬಿಸಬೇಕು, ಆದರೆ ಇಲ್ಲಿರೋ ಇತರ ಪ್ರಮುಖ ಧರ್ಮಗಳನ್ನೂ ಗಮನಕ್ಕೆ ತಗೋಬೇಕು ಅಂತ ಅದು ಹೇಳಿತು. ಅಲ್ಲೀವರೆಗೆ ಬೇಕಾದ್ರೆ ಇಟ್ಟುಕೊಳ್ಳಿ ಅನ್ನೋ ಹಾಗಿದ್ದ ಸ್ಯಾಕ್ರಿಯನ್ನ ಕಡ್ಡಾಯ ಮಾಡಿದ್ದೂ ಇದೇ ಕಾಯ್ದೆ.

ಊರ ಮಟ್ಟದಲ್ಲಿ ಯಾಕೆ ಅಂತ ಕೇಳಿದ್ರೆ, 2021ರ ಜನಗಣತಿ ನೋಡಿ. ಇಂಗ್ಲೆಂಡ್ ಮತ್ತು ವೇಲ್ಸ್ ಒಟ್ಟಾರೆ ತಗೊಂಡ್ರೆ ಕ್ರೈಸ್ತರು ಶೇ 46.2, ‘ಯಾವ ಧರ್ಮವೂ ಇಲ್ಲ’ ಅಂದವರು ಶೇ 37.2, ಹಿಂದೂಗಳು ಶೇ 1.7. ಆದರೆ ಲೆಸ್ಟರ್ ನಗರಕ್ಕೆ ಹೋಗಿ, ಕ್ರೈಸ್ತರು, ಮುಸ್ಲಿಮರು, ಧರ್ಮ ಇಲ್ಲದವರು ಮೂರೂ ಹೆಚ್ಚುಕಡಿಮೆ ನಾಲ್ಕನೇ ಒಂದು ಭಾಗ, ಹಿಂದೂಗಳು ಶೇ 17.9. ಲಂಡನ್ನಿನ ಹ್ಯಾರೋದಲ್ಲಿ ನಾಲ್ವರಲ್ಲಿ ಒಬ್ಬರು ಹಿಂದೂ. ಮಗುವಿನ ಪಕ್ಕದ ಬೆಂಚಿನಲ್ಲಿ ಯಾರು ಕೂರ್ತಾರೆ ಅನ್ನೋದು ಊರಿಂದ ಊರಿಗೆ ಬೇರೆ. ಪಾಠಕ್ಕೆ ಅದು ಗೊತ್ತಿರಬೇಕಲ್ವಾ?

ಕುರ್ಚಿ ಸಿಗದವರು

ಇಷ್ಟು ಕೇಳಿ ‘ಅಬ್ಬಾ, ಎಷ್ಟು ಚೆನ್ನಾಗಿದೆ’ ಅನ್ನಿಸಿದ್ರೆ, ಸ್ವಲ್ಪ ತಡೀರಿ.

ಈಗ ಹೇಳಿದೆ, ಶೇ 37.2 ಜನ ಯಾವ ಧರ್ಮವೂ ಇಲ್ಲ ಅಂದಿದ್ದಾರೆ. ಇವರಿಗೆ ಮೇಜಿನ ಸುತ್ತ ಕುರ್ಚಿ ಇದೆಯಾ? ಕಾಯ್ದೆಯ ಭಾಷೆ ‘ಧರ್ಮ’, ‘ಪಂಥ’ ಅನ್ನುತ್ತೆ. ಹಾಗಾಗಿ ಹಲವು ಊರುಗಳಲ್ಲಿ ಹ್ಯೂಮನಿಸ್ಟರಿಗೆ, ಅಂದ್ರೆ ದೇವರ ನಂಬಿಕೆ ಇಲ್ಲದೆ ನೈತಿಕವಾಗಿ ಬದುಕೋಣ ಅನ್ನೋ ಮಾನವತಾವಾದಿಗಳಿಗೆ, ಪೂರ್ಣ ಸದಸ್ಯತ್ವ ಸಿಗ್ತಿರಲಿಲ್ಲ. ಕೂತು ಕೇಳಬಹುದು, ವೋಟಿನಲ್ಲಿ ಪಾಲಿಲ್ಲ.

ಕೆಂಟ್ ಕೌಂಟಿಯಲ್ಲಿ ಒಬ್ಬ ಹ್ಯೂಮನಿಸ್ಟ್ ಇದನ್ನ ಕೋರ್ಟಿಗೆ ಒಯ್ದರು. ‘ಹ್ಯೂಮನಿಸಂ ಧರ್ಮ ಅಲ್ಲ, ಹಾಗಾಗಿ ಎ ಗುಂಪಿನಲ್ಲಿ ಜಾಗ ಇಲ್ಲ’ ಅಂತ ಕೌನ್ಸಿಲ್ ಹೇಳಿತ್ತು. 2023ರ ಮೇ ತಿಂಗಳಲ್ಲಿ ಹೈಕೋರ್ಟ್ ಆ ನಿರಾಕರಣೆ ಕಾನೂನುಬಾಹಿರ ಅಂತ ತೀರ್ಪು ಕೊಟ್ಟಿತು. ಕಾಯ್ದೆಯ ಪದಗಳನ್ನ ಮಾನವ ಹಕ್ಕುಗಳಿಗೆ ಹೊಂದೋ ಹಾಗೆ ಓದಬೇಕು, ಧರ್ಮದ ಮಟ್ಟದಲ್ಲೇ ಗಂಭೀರವಾದ ಧರ್ಮೇತರ ನಂಬಿಕೆಯನ್ನ ಅದು ಧರ್ಮ ಅಲ್ಲ ಅನ್ನೋ ಒಂದೇ ಕಾರಣಕ್ಕೆ ಹೊರಗಿಡೋ ಹಾಗಿಲ್ಲ ಅನ್ನೋದು ಅದರ ಸಾರ. ಪಕ್ಕದ ವೇಲ್ಸ್ ಇಷ್ಟು ಹೊತ್ತಿಗೆ ಕಾನೂನನ್ನೇ ಬದಲಿಸಿತ್ತು. ಅಲ್ಲಿ 2021ರ ಕಾಯ್ದೆ ವಿಷಯದ ಹೆಸರನ್ನೇ ‘ಧರ್ಮ, ಮೌಲ್ಯ ಮತ್ತು ನೀತಿ’ ಅಂತ ಮಾಡಿ, ಧರ್ಮ ಇಲ್ಲದವರ ದೃಷ್ಟಿಯನ್ನೂ ಸ್ಪಷ್ಟವಾಗಿ ಒಳಗೆ ತಂದಿತು.

ಮೇಜು ಇದ್ದ ಮಾತ್ರಕ್ಕೆ ನ್ಯಾಯ ಆಗಿಬಿಡೋದಿಲ್ಲ. ಯಾರನ್ನ ಕರೀಬೇಕು ಅಂತ ಬರೆದಿಟ್ಟ ಪಟ್ಟಿ ಹಳೇದಾದ್ರೆ, ಅದೇ ಮೇಜು ಬಾಗಿಲು ಮುಚ್ಚೋ ಸಾಧನ ಆಗುತ್ತೆ.

ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡಿದ ಮಗು

ಇದರಿಂದ ಮಗುವಿಗೇನು ಅಂತೀರಾ? ಅದು ಗೊತ್ತಾಗೋಕೆ ಸಮುದ್ರ ದಾಟಿ ಉತ್ತರ ಐರ್ಲೆಂಡಿಗೆ ಹೋಗೋಣ. ಅದೂ ಯುನೈಟೆಡ್ ಕಿಂಗ್‌ಡಮ್‌ನ ಭಾಗವೇ, ಆದರೆ ಅಲ್ಲಿ ಸ್ಯಾಕ್ರಿ ವ್ಯವಸ್ಥೆ ಇಲ್ಲ. ಅಲ್ಲಿ ಧರ್ಮದ ಪಾಠದ ಮೂಲ ಪಠ್ಯಕ್ರಮ ರೂಪಿಸಿದ್ದು ನಾಲ್ಕು ಮುಖ್ಯ ಕ್ರೈಸ್ತ ಚರ್ಚುಗಳು. ಮೇಜು ಇದೆ, ನಾಲ್ಕು ಪಾಲುದಾರರೂ ಇದ್ದಾರೆ, ಆದರೆ ನಾಲ್ಕೂ ಚರ್ಚೇ.

ಬೆಲ್‌ಫಾಸ್ಟ್‌ನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಗೆ ಒಂದು ಪುಟ್ಟ ಹುಡುಗಿ ಸೇರಿದಳು. ತಂದೆತಾಯಿ ಧರ್ಮ ಪಾಲಿಸೋರಲ್ಲ. ಸ್ವಲ್ಪ ಕಾಲದ ಮೇಲೆ ಮಗು ಮನೆಯಲ್ಲಿ ಊಟಕ್ಕೆ ಮುಂಚೆ ದೇವರಿಗೆ ಕೃತಜ್ಞತೆ ಹೇಳೋಕೆ ಶುರು ಮಾಡಿತು. ಶಾಲೆಯಲ್ಲಿ ಕಲಿತದ್ದು. ಮಗು ಪ್ರಾರ್ಥನೆ ಮಾಡ್ತಲ್ಲ ಅನ್ನೋದಲ್ಲ ತಂದೆತಾಯಿಯ ಆಕ್ಷೇಪ. ಇದನ್ನ ಒಂದು ನಂಬಿಕೆ ಅಂತ ಪರಿಚಯಿಸದೆ, ಸತ್ಯ ಇದೇ ಅಂತ ಕಲಿಸ್ತಿದ್ದಾರೆ ಅನ್ನೋದು.

ಅಲ್ಲೂ ಮಗುವನ್ನ ತರಗತಿಯಿಂದ ಹೊರಗಿಡೋ ಹಕ್ಕು ಇತ್ತು. ಆಗಲೇ ನೆನಪಿಟ್ಟುಕೊಳ್ಳಿ ಅಂದೆನಲ್ಲ, ಆ ಹಕ್ಕು. ಸರ್ಕಾರದ ವಾದ ಏನು ಅಂತ ನೀವೇ ಊಹಿಸಬಹುದು: ‘ಇಷ್ಟ ಇಲ್ಲದಿದ್ರೆ ಹೊರಗೆ ಕೂರಿಸಿ.’ ಆದರೆ ಆರು ವರ್ಷದ ಮಗುವನ್ನ ಯೋಚಿಸಿ. ಗೆಳತಿಯರೆಲ್ಲ ಒಳಗೆ ಹಾಡ್ತಿರ್ತಾರೆ. ನೀನೊಬ್ಬಳೇ ಹೊರಗೆ ಕೂರು ಅಂದ್ರೆ, ಹಕ್ಕು ಕಾಗದದ ಮೇಲೆ ಹಕ್ಕು, ಮಗುವಿನ ಮಟ್ಟಿಗೆ ಅದು ಶಿಕ್ಷೆ.

ಕೇಸು ಕೆಳಗಿಂದ ಮೇಲಕ್ಕೆ ಹೋಗಿ, ಮಧ್ಯೆ ಒಮ್ಮೆ ತೀರ್ಪು ತಂದೆತಾಯಿಯ ವಿರುದ್ಧವೂ ತಿರುಗಿ, ಕೊನೆಗೆ 2025ರ ನವೆಂಬರ್ 19ರಂದು ಯುಕೆ ಸುಪ್ರೀಂ ಕೋರ್ಟ್ ತೀರ್ಪು ಬಂತು. ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು: ಆ ಪಾಠ ವಸ್ತುನಿಷ್ಠವಾಗಿ, ವಿಮರ್ಶೆಗೆ ಜಾಗ ಕೊಟ್ಟು, ಬಹುತ್ವಕ್ಕೆ ತೆರೆದುಕೊಂಡು ನಡೀತಿರಲಿಲ್ಲ. ಹೊರಗಿಡೋ ಹಕ್ಕು ಇದೆ ಅನ್ನೋದು ಅದಕ್ಕೆ ಪರಿಹಾರ ಅಲ್ಲ, ಯಾಕಂದ್ರೆ ಅದು ತಂದೆತಾಯಿಯ ಮೇಲೆ ಹೊರೆ ಹಾಕುತ್ತೆ, ಮಗುವಿಗೆ ಹಣೆಪಟ್ಟಿ ಅಂಟೋ ಅಪಾಯ ತರುತ್ತೆ.

ಅಂದ್ರೆ ಕೋಣೆಯೊಳಗೆ ಯಾರು ಕೂತಿದ್ರು ಅನ್ನೋದು, ಕಡೆಗೆ ಒಂದು ಮನೆಯ ಊಟದ ತಟ್ಟೆ ಮುಂದೆ ಬಂದು ನಿಲ್ಲುತ್ತೆ.

ಕುರ್ಚಿ ಇದೆ, ಮಾತು ಕೇಳೋರಿಲ್ಲ

ವಾಪಸ್ ಇಂಗ್ಲೆಂಡಿಗೆ ಬರೋಣ. ಸ್ಯಾಕ್ರಿಗೆ ಇನ್ನೊಂದು ದೊಡ್ಡ ತೊಂದರೆ ಇದೆ. ಇದು ಯಾರನ್ನೋ ಹೊರಗಿಟ್ಟದ್ದಲ್ಲ, ಸ್ಯಾಕ್ರಿಯೇ ಹೊರಗೆ ಉಳಿದದ್ದು.

ಒಪ್ಪಿತ ಪಠ್ಯಕ್ರಮ ಕೌನ್ಸಿಲ್ ಆಡಳಿತದ ಶಾಲೆಗಳಿಗೆ ಅನ್ವಯಿಸುತ್ತೆ. ಆದರೆ ಕಳೆದ ಒಂದೂವರೆ ದಶಕದಲ್ಲಿ ಇಂಗ್ಲೆಂಡಿನ ಶಾಲೆಗಳು ಒಂದೊಂದಾಗಿ ‘ಅಕಾಡೆಮಿ’ಗಳಾಗಿವೆ. ಅಂದ್ರೆ ಹಣ ಸರ್ಕಾರದ್ದೇ, ಆದರೆ ಕೌನ್ಸಿಲ್ ಹಿಡಿತದಲ್ಲಿಲ್ಲ, ಟ್ರಸ್ಟ್‌ಗಳು ನಡೆಸ್ತವೆ. ಹೈಸ್ಕೂಲ್ ಮಟ್ಟದಲ್ಲಂತೂ ಹತ್ತರಲ್ಲಿ ಎಂಟು ಶಾಲೆಗಳು ಅಕಾಡೆಮಿಗಳೇ. ಅವು ಧರ್ಮದ ಪಾಠ ಮಾಡಬೇಕು ನಿಜ, ಆದರೆ ಊರಿನ ಒಪ್ಪಿತ ಪಠ್ಯಕ್ರಮವನ್ನೇ ಪಾಲಿಸಬೇಕು ಅಂತಿಲ್ಲ. ಇನ್ನು ಸರ್ಕಾರಿ ಹಣದ ಶಾಲೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಚರ್ಚು ಅಥವಾ ಬೇರೆ ಧರ್ಮಗಳಿಗೆ ಸೇರಿದ ಶಾಲೆಗಳು. ಅವುಗಳಲ್ಲಿ ಬಹಳಷ್ಟು ತಮ್ಮ ಸಂಪ್ರದಾಯದಂತೆ ಪಾಠ ಮಾಡುತ್ತವೆ.

ಹೀಗಾಗಿ ಸ್ವಯಂಸೇವಕರಾಗಿ ಬಂದು, ತಿಂಗಳುಗಟ್ಟಲೆ ಕೂತು, ಒಂದೊಂದು ಪದಕ್ಕೂ ಒಪ್ಪಿಗೆ ತಂದ ಪಠ್ಯಕ್ರಮವನ್ನ ಅದೇ ಊರಿನ ದೊಡ್ಡ ಹೈಸ್ಕೂಲು ಪಕ್ಕಕ್ಕಿಡಬಹುದು. ಜೊತೆಗೆ ಕೌನ್ಸಿಲ್‌ಗಳ ಹತ್ತಿರ ದುಡ್ಡು ಕಡಿಮೆ. ಸಲಹಾ ಸಂಸ್ಥೆಗಳು ತಯಾರಿಸಿದ ಮಾದರಿ ಪಠ್ಯಕ್ರಮವನ್ನೇ ತಗೊಂಡು ಸ್ವಲ್ಪ ತಿದ್ದಿಕೊಳ್ಳೋ ಊರುಗಳೂ ಇವೆ.

2018ರಲ್ಲಿ ಧಾರ್ಮಿಕ ಶಿಕ್ಷಣದ ಆಯೋಗವೊಂದು ಇದನ್ನೆಲ್ಲ ನೋಡಿ, ಎಲ್ಲ ಮಕ್ಕಳಿಗೂ ಸಲ್ಲೋ ಒಂದು ರಾಷ್ಟ್ರೀಯ ಚೌಕಟ್ಟು ಬೇಕು, ವಿಷಯದ ಹೆಸರು ‘ಧರ್ಮ ಮತ್ತು ಲೋಕದೃಷ್ಟಿಗಳು’ ಅಂತಾಗಲಿ, ಸ್ಯಾಕ್ರಿ ಬದಲು ಸ್ಥಳೀಯ ಸಲಹಾ ಜಾಲಗಳು ಬರಲಿ ಅಂತ ಶಿಫಾರಸು ಮಾಡಿತು. 2025ರ ನವೆಂಬರ್‌ನಲ್ಲಿ ಪ್ರೊಫೆಸರ್ ಬೆಕಿ ಫ್ರಾನ್ಸಿಸ್ ನೇತೃತ್ವದ ಪಠ್ಯಕ್ರಮ ಪರಿಶೀಲನಾ ವರದಿಯೂ ಧಾರ್ಮಿಕ ಶಿಕ್ಷಣವನ್ನ ಹಂತ ಹಂತವಾಗಿ ರಾಷ್ಟ್ರೀಯ ಪಠ್ಯಕ್ರಮದ ಒಳಗೆ ತರೋ ದಾರಿ ಸೂಚಿಸಿತು.

ಇದರ ಪರವಾಗಿ ಗಟ್ಟಿ ವಾದ ಇದೆ. ಶ್ರೀಮಂತ ಕೌನ್ಸಿಲ್‌ನ ಮಗುವಿಗೆ ಒಳ್ಳೆ ಪಾಠ, ಬಡ ಕೌನ್ಸಿಲ್‌ನ ಮಗುವಿಗೆ ಹಳೇ ಪಾಠ, ಅಕಾಡೆಮಿ ಮಗುವಿಗೆ ಅದೃಷ್ಟ ಇದ್ದ ಹಾಗೆ, ಇದು ನ್ಯಾಯ ಅಲ್ಲ. ಆದರೆ ಕಳೆದುಕೊಳ್ಳೋದೂ ಒಂದಿದೆ. ಎಲ್ಲ ಒಂದೇ ಕಡೆ ತೀರ್ಮಾನ ಆದ್ರೆ, ತಪ್ಪೂ ಒಂದೇ ಕಡೆ ಆಗುತ್ತೆ. 1975ರಲ್ಲಿ ಲಂಡನ್ ಎಲ್ಲವನ್ನೂ ಹಿಡಿದುಕೊಂಡಿದ್ರೆ, ಬರ್ಮಿಂಗ್‌ಹ್ಯಾಮ್ ಪ್ರಯೋಗ ಮಾಡೋಕೆ ಆಗ್ತಿತ್ತಾ? ಒಬ್ಬ ಮಂತ್ರಿ ಬದಲಾದ ಕೂಡಲೇ ದೇಶದ ಎಲ್ಲ ಮಕ್ಕಳ ಧರ್ಮದ ಪಾಠ ಬದಲಾದ್ರೆ?

‘ಹಿಂದೂ’ ಕುರ್ಚಿಯಲ್ಲಿ ಯಾರು?

ಈಗ ಸ್ವಲ್ಪ ನಮ್ಮವರ ಕಡೆ ಬರೋಣ. ಇಂಗ್ಲೆಂಡಿನಲ್ಲಿ ಕನ್ನಡಿಗರು ಸಾಕಷ್ಟು ಇದ್ದಾರೆ. ಲಂಡನ್ನಿನ ಲ್ಯಾಂಬೆತ್‌ನಲ್ಲಿ, ಥೇಮ್ಸ್ ದಂಡೆಯ ಮೇಲೆ, 2015ರಿಂದ ಬಸವಣ್ಣನವರ ಪ್ರತಿಮೆ ಇದೆ. ಅದಕ್ಕೆ ಓಡಾಡಿದವರು ಲ್ಯಾಂಬೆತ್‌ನ ಮೇಯರ್ ಆಗಿದ್ದ, ಕಲಬುರಗಿ ಮೂಲದ ಡಾ. ನೀರಜ್ ಪಾಟೀಲ್.

ಪ್ರತಿಮೆ ದಾರಿಯಲ್ಲಿ ಹೋಗೋರಿಗೆಲ್ಲ ಕಾಣುತ್ತೆ. ಆದರೆ ಅದೇ ದಾರಿಯಲ್ಲಿ ಶಾಲೆಗೆ ಹೋಗೋ ಮಗುವಿಗೆ ‘ಹಿಂದೂಯಿಸಂ’ ಪಾಠ ಅಂದ್ರೆ ಸಾಮಾನ್ಯವಾಗಿ ಸಿಗೋದು ದೀಪಾವಳಿ, ರಾಮ-ಸೀತೆ, ತ್ರಿಮೂರ್ತಿ, ಕರ್ಮ. ಇದರಲ್ಲಿ ತಪ್ಪೇನಿಲ್ಲ. ಆದರೆ ವಚನ ಎಲ್ಲಿ? ನಮ್ಮ ಜಾತ್ರೆ, ಊರದೇವತೆ, ಭೂತಾರಾಧನೆ ಎಲ್ಲಿ? ಜಾತಿಯ ಪ್ರಶ್ನೆ ಎಲ್ಲಿ? ಅಂಬೇಡ್ಕರ್ ಜೊತೆ ಬೌದ್ಧರಾದವರು ಯಾವ ಪಾಠದಲ್ಲಿ ಬರ್ತಾರೆ? ಲಿಂಗಾಯತರು ಹಿಂದೂ ಪಾಠದ ಒಳಗಾ, ಹೊರಗಾ? ನಮ್ಮಲ್ಲೇ ಇತ್ಯರ್ಥ ಆಗದ ಪ್ರಶ್ನೆ ಅದು. ಲಂಡನ್ನಿನ ಟೀಚರು ಏನು ಮಾಡಬೇಕು?

‘ಎ’ ಗುಂಪಿನಲ್ಲಿ ಹಿಂದೂಗಳಿಗೆ ಎಷ್ಟು ಜಾಗ ಅನ್ನೋದು ಆ ಊರಿನಲ್ಲಿ ಅವರ ಸಂಖ್ಯೆ ನೋಡಿಕೊಂಡು. ಎಷ್ಟೋ ಕಡೆ ಒಂದೇ ಒಂದು. ನೇಮಕ ಮಾಡೋ ಮುಂಚೆ, ಈ ವ್ಯಕ್ತಿ ನಿಜವಾಗಿ ಆ ಧರ್ಮವನ್ನ ಪ್ರತಿನಿಧಿಸ್ತಾರಾ ಅಂತ ಕೌನ್ಸಿಲ್ ಖಾತ್ರಿ ಮಾಡಿಕೊಳ್ಳಬೇಕು ಅಂತ ಕಾನೂನು ಹೇಳುತ್ತೆ. ಆದರೆ ಕೌನ್ಸಿಲ್ ಅಧಿಕಾರಿಗೆ ಸುಲಭವಾಗಿ ಸಿಗೋದು ದೊಡ್ಡ ದೇವಸ್ಥಾನದ ಫೋನ್ ನಂಬರ್. ಸಂಘಟಿತರಾದವರ ದನಿ ಕೇಳುತ್ತೆ. ಸುಮ್ಮನಿದ್ದವರು ಇಲ್ಲವೇ ಇಲ್ಲ ಅನ್ನೋ ಹಾಗೆ ಆಗುತ್ತೆ. ಇದು ಹಿಂದೂಗಳ ಕಥೆ ಮಾತ್ರ ಅಲ್ಲ. ಮುಸ್ಲಿಂ ಕುರ್ಚಿಯಲ್ಲಿ ಸುನ್ನಿಯಾ ಶಿಯಾನಾ, ಅದರಲ್ಲಿ ಹೆಣ್ಮಕ್ಕಳು ಎಷ್ಟು ಅನ್ನೋ ಪ್ರಶ್ನೆಯೂ ಇದೇ.

ಹಾಗಾಗಿ ಅಲ್ಲಿರೋ ಕೇಳುಗರಿಗೆ ಒಂದು ಕೆಲಸದ ಮಾತು. ನಿಮ್ಮ ಕೌನ್ಸಿಲ್ ಹೆಸರಿನ ಜೊತೆ ‘ಸ್ಯಾಕ್ರಿ’ ಅಂತ ಹುಡುಕಿ. ಒಪ್ಪಿತ ಪಠ್ಯಕ್ರಮ, ವಾರ್ಷಿಕ ವರದಿ, ಸಭೆಯ ನಡಾವಳಿ ಸಿಗುತ್ತೆ. ನಿಮ್ಮ ಪ್ರತಿನಿಧಿ ಅಂತ ಯಾರು ಕೂತಿದ್ದಾರೆ ನೋಡಿ. ಮುಂದಿನ ಸಭೆಗೆ ಹೋಗಿ ಕೂತುಕೊಳ್ಳಿ. ಖಾಲಿ ಕುರ್ಚಿ ಇದ್ರೆ ಅರ್ಜಿ ಹಾಕಿ. ಮಗುವಿನ ಶಾಲೆ ಅಕಾಡೆಮಿ ಆಗಿದ್ರೆ, ‘ನೀವು ಯಾವ ಪಠ್ಯಕ್ರಮ ಪಾಲಿಸ್ತೀರಾ?’ ಅಂತ ಕೇಳಿ. ಇದೊಂದೇ ಪ್ರಶ್ನೆ ಸಾಕು, ಮಾತು ಶುರುವಾಗುತ್ತೆ.

ನಮ್ಮ ಕೋಣೆ ಯಾವುದು?

ಇನ್ನು ಕರ್ನಾಟಕದಲ್ಲಿ ಕೂತು ಕೇಳ್ತಿರೋರಿಗೆ. ನಮ್ಮ ವ್ಯವಸ್ಥೆ ಬೇರೆ, ಅದನ್ನ ಇಂಗ್ಲೆಂಡಿನ ಅಚ್ಚಿಗೆ ಹಾಕೋದು ಬೇಡ. ಪೂರ್ತಿ ಸರ್ಕಾರಿ ಹಣದಲ್ಲಿ ನಡೆಯೋ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು ಅಂತ ನಮ್ಮ ಸಂವಿಧಾನದ 28ನೇ ವಿಧಿ ಹೇಳುತ್ತೆ. ಆದರೆ ಧರ್ಮಗಳ ಬಗ್ಗೆ ತಿಳಿವಳಿಕೆ ಕೊಡೋದಕ್ಕೆ ಅಡ್ಡಿ ಇಲ್ಲ ಅಂತ 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ನಮ್ಮಲ್ಲೂ ಧರ್ಮ ಪಠ್ಯಪುಸ್ತಕದ ಒಳಗೆ ಇದ್ದೇ ಇದೆ, ಸಮಾಜ ವಿಜ್ಞಾನದಲ್ಲಿ, ಭಾಷಾ ಪಾಠದಲ್ಲಿ, ನೀತಿ ಪಾಠದಲ್ಲಿ.

2022 ನೆನಪಿದೆಯಾ? ಗುಜರಾತಿನಲ್ಲಿ ಭಗವದ್ಗೀತೆ ಪಠ್ಯಕ್ಕೆ ಬರುತ್ತೆ ಅಂದಾಗ ಇಲ್ಲೂ ಅದೇ ಮಾತು ಎದ್ದಿತು. ಅದೇ ವರ್ಷ ಪಠ್ಯಪುಸ್ತಕ ಪರಿಷ್ಕರಣೆ ಗಲಾಟೆ. ಒಂಬತ್ತನೇ ತರಗತಿ ಪಾಠದಲ್ಲಿ ಬಸವಣ್ಣನವರ ಬಗ್ಗೆ ಬರೆದ ಸಾಲುಗಳಿಗೆ ಮಠಾಧೀಶರಿಂದ, ಲಿಂಗಾಯತ ಸಂಘಟನೆಗಳಿಂದ ವಿರೋಧ ಬಂತು. ಸರ್ಕಾರ ತಿದ್ದುಪಡಿಗೆ ಒಪ್ಪಿತು. ಆದರೆ ಅಷ್ಟು ಹೊತ್ತಿಗೆ ಪುಸ್ತಕ ಅಚ್ಚಾಗಿತ್ತು. ಮಾತುಕತೆ ಆಗಿದ್ದು ಪುಸ್ತಕ ಬಂದ ಮೇಲೆ, ಬೀದಿಯಲ್ಲಿ, ಟಿವಿಯಲ್ಲಿ. ಪುಸ್ತಕ ಬರೋ ಮುಂಚೆ, ಒಂದು ಕೋಣೆಯಲ್ಲಿ, ಬಾಗಿಲು ತೆರೆದಿಟ್ಟು ಆಗಬೇಕಿತ್ತು.

ನಮ್ಮ ಸರ್ಕಾರಿ ಶಾಲೆಗಳಲ್ಲಿ ಎಸ್‌ಡಿಎಂಸಿ ಇದೆ, ಪೋಷಕರ ಶಾಲಾ ಅಭಿವೃದ್ಧಿ ಸಮಿತಿ. ಬಿಸಿಯೂಟ ಸರಿ ಇದೆಯಾ, ಚಾವಣಿ ಸೋರುತ್ತಾ, ಮೇಷ್ಟ್ರು ಬರ್ತಾರಾ ಅಂತ ನೋಡಬಹುದು. ಪಾಠದೊಳಗೆ ತಮ್ಮ ಬಗ್ಗೆ ಏನು ಬರೆದಿದೆ ಅಂತ ಕೇಳೋಕೆ ಆ ಪೋಷಕರಿಗೆ ಬಾಗಿಲಿಲ್ಲ. ಸರ್ಕಾರ ಬದಲಾದ್ರೆ ಸಮಿತಿ ಬದಲಾಗುತ್ತೆ, ಸಮಿತಿ ಬದಲಾದ್ರೆ ಪಾಠ ಬದಲಾಗುತ್ತೆ. ಮಕ್ಕಳು ಮಾತ್ರ ಪ್ರತೀ ವರ್ಷ ಅದೇ ಪರೀಕ್ಷೆ ಬರೀತಾರೆ.

ನನ್ನ ಪ್ರಕಾರ ಸ್ಯಾಕ್ರಿಯಿಂದ ಕಲಿಯೋದು ಅದರ ಊರು-ರಾಷ್ಟ್ರ ಲೆಕ್ಕಾಚಾರ ಅಲ್ಲ. ಅದರ ಮೂರು ಸಣ್ಣ ನಿಯಮಗಳು. ಒಂದು, ದೊಡ್ಡ ಗುಂಪಿಗೂ ಸಣ್ಣ ಗುಂಪಿಗೂ ವೋಟಿನ ತೂಕ ಒಂದೇ, ಎಲ್ಲರೂ ಒಪ್ಪೋ ತನಕ ಪಾಠ ಇಲ್ಲ. ಎರಡು, ಕೋಣೆಯ ಬಾಗಿಲು ತೆರೆದಿರುತ್ತೆ, ಮಾತಾಡಿದ್ದು ದಾಖಲಾಗುತ್ತೆ. ಮೂರು, ಐದು ವರ್ಷಕ್ಕೊಮ್ಮೆ ಪಠ್ಯಕ್ರಮ ಮರುಪರಿಶೀಲನೆ ಆಗುತ್ತೆ, ಯಾರು ಅಧಿಕಾರದಲ್ಲಿದ್ದರೂ. ಇದಕ್ಕೆ ಕೆಂಟ್ ಮತ್ತು ಬೆಲ್‌ಫಾಸ್ಟ್ ಕಲಿಸಿದ ನಾಲ್ಕನೇದನ್ನ ಸೇರಿಸಿ: ಪಠ್ಯಕ್ರಮದ ಜೊತೆಗೆ, ಯಾರಿಗೆ ಕುರ್ಚಿ ಅನ್ನೋ ಪಟ್ಟಿಯನ್ನೂ ಮತ್ತೆ ಮತ್ತೆ ನೋಡಬೇಕು.

ಇಂಗ್ಲೆಂಡ್ ಈ ವಿಷಯವನ್ನ ಊರಲ್ಲಿಟ್ಟುಕೊಳ್ಳಲಿ, ರಾಷ್ಟ್ರಕ್ಕೆ ಒಯ್ಯಲಿ. ಆ ನಿಯಮಗಳು ಜೊತೆಗೆ ಹೋದ್ರೆ ನಷ್ಟ ಕಡಿಮೆ. ಪಠ್ಯಕ್ರಮ ಮಾತ್ರ ಮೇಲಕ್ಕೆ ಹೋಗಿ, ಮೇಜು ಕೆಳಗೇ ಉಳಿದ್ರೆ, ಎಂಬತ್ತು ವರ್ಷದ ಒಂದು ಅಭ್ಯಾಸ ಕಳೆದುಹೋಗುತ್ತೆ. ಭಿನ್ನ ನಂಬಿಕೆಯವರು ಮಕ್ಕಳ ಸಲುವಾಗಿ ಕೂತು ಒಪ್ಪಂದಕ್ಕೆ ಬರೋ ಅಭ್ಯಾಸ ಅದು.

ಮುಂದಿನ ಸಲ ‘ಶಾಲೆಯಲ್ಲಿ ಯಾವ ಧರ್ಮಗ್ರಂಥ ಇರಬೇಕು’ ಅಂತ ಚರ್ಚೆ ನಡೀತಿದ್ರೆ, ಕಾಮೆಂಟ್ ಹಾಕೋ ಮುಂಚೆ ಒಂದು ಪ್ರಶ್ನೆ ಕೇಳಿ ನೋಡಿ: ಇದನ್ನ ತೀರ್ಮಾನಿಸೋ ಕೋಣೆ ಎಲ್ಲಿದೆ, ಅದರೊಳಗೆ ಯಾರಿದ್ದಾರೆ?

ನಿಮ್ಮ ಶಾಲೆಯ ದಿನಗಳಲ್ಲಿ ಧರ್ಮದ ಬಗ್ಗೆ ಪಾಠ ಹೇಗಿತ್ತು? ನಿಮ್ಮ ಮನೆಯ ಆಚರಣೆ ಪುಸ್ತಕದಲ್ಲಿ ಇತ್ತಾ, ಇಲ್ಲವಾ? ನಮಗೆ ಬರೆದು ಕಳಿಸಿ, ವಾಯ್ಸ್ ಮೆಸೇಜ್ ಆದರೂ ಸರಿ. ಮುಂದಿನ ವಾರ ಮತ್ತೆ ಸಿಗೋಣ.